ಗ್ಯಾನಮ್ಮನ ಪಟಕದ ಗಟ್ಟಿ

ಕಾರಹುಣ್ಣಿಮೆ ಕಳೆದರೂ ಆ ವರ್ಷ ಸಿಂಧನೂರಿಗೆ ಮಳೆ ಬಂದಿರಲಿಲ್ಲ. ಮೋಡ ಬರುತ್ತಿತ್ತು, ಊರ ಮೇಲೆ ತುಸು ಹೊತ್ತು ನಿಲ್ಲುತ್ತಿತ್ತು, ಏನೋ ಮರೆತವರಂತೆ ಮುಕ್ಕುಂದದ ಕಡೆಗೆ ಸರಿದು ಹೋಗುತ್ತಿತ್ತು. ಅದರ ಕೆಳಗೆ ಎಲೆಯೂ ಅಲುಗುತ್ತಿರಲಿಲ್ಲ. ನೆರಳಿನಲ್ಲಿ ಕೂತವರಿಗೂ ಬೆವರು. ಮಧ್ಯಾಹ್ನದ ಹೊತ್ತು ಓಣಿಯ ಮನೆಗಳು, ಕಟ್ಟಿದ ಎತ್ತುಗಳು, ಬಾಗಿಲಲ್ಲಿ ಕೂತ ಮುದುಕಿಯರು, ಎಲ್ಲವೂ ಕೆರೆಯ ನೀರಿನ ಕೆಳಗೆ ಕಂಡಂತೆ ಮಸುಕಾಗಿ ತೇಲುತ್ತಿದ್ದವು.

ಆ ಓಣಿಯಲ್ಲಿ ವಿಭೂತಿಯ ಮನೆ ಎಂದರೆ ಮುದುಕಪ್ಪನ ಮನೆ. ಆಕಳ ಸಗಣಿಯ ಕುಳ್ಳು ಸುಟ್ಟು, ಬೂದಿಯನ್ನು ಬಟ್ಟೆಯಲ್ಲಿ ಸೋಸಿ, ನೀರಿನಲ್ಲಿ ಕದಡಿ, ತಳಕ್ಕೆ ನಿಂತ ನುಣುಪನ್ನು ಅಂಗೈಯಲ್ಲಿ ತಟ್ಟಿ, ಮಣೆಯ ಮೇಲೆ ಒಣಗಿಸಿ ಗಟ್ಟಿ ಮಾಡುವುದು ಆ ಮನೆಯ ಕಾಯಕ. ತಟ್ಟುತ್ತಿದ್ದವಳು ಮುದುಕಪ್ಪನ ಹೆಂಡತಿ ಗದ್ದೆಮ್ಮ. ಯುಗಾದಿಗೆ ಮುಂಚೆ ಅವಳು ಶಿವನ ಪಾದ ಸೇರಿದಳು. ಅವಳು ಕೊನೆಯದಾಗಿ ಸೋಸಿಟ್ಟ ಬೂದಿ ಒಂದು ಗಡಿಗೆಯಲ್ಲಿ ಹಾಗೇ ಇತ್ತು. ಮುದುಕಪ್ಪ ದಿನಾ ಲಿಂಗಪೂಜೆ ಮುಗಿಸಿ ಆ ಗಡಿಗೆಯ ಮುಂದೆ ಸ್ವಲ್ಪ ಹೊತ್ತು ಕೂಡುತ್ತಿದ್ದ. ಆಮೇಲೆ ತಾಟಿಗೆ ಹಾಕಿದ ರೊಟ್ಟಿಯಲ್ಲಿ ಅರ್ಧ ತಿಂದು ಏಳುತ್ತಿದ್ದ.

ಒಂದು ಬೆಳಗ್ಗೆ ಸೊಸೆ ಗ್ಯಾನಮ್ಮ ತಾನೇ ಹೊಸ ಬೂದಿ ಸೋಸಿ ತಟ್ಟಲು ಕೂತಳು. ಮಸ್ಕಿಯಿಂದ ಸೊಸೆಯಾಗಿ ಬಂದ ದಿನದಿಂದ ಅತ್ತೆಯ ಮಗ್ಗುಲಲ್ಲಿ ಕೂತು ನೋಡಿದ ಕೆಲಸ. "ಬರೂ ವರ್ಷ ಕಲಿಸ್ತೀನಿ ಬೇ" ಎಂದು ಗದ್ದೆಮ್ಮ ಪ್ರತಿ ವರ್ಷ ಹೇಳುತ್ತಿದ್ದಳು. ಹೇಳುತ್ತ ಹೇಳುತ್ತಲೇ ಹೋದಳು. ಗ್ಯಾನಮ್ಮನಿಗೆ ಆ ಕೆಲಸದ ಮೇಲೆ ಬಹಳ ಆಸೆ. ಆದರೆ ಅವಳ ಅಂಗೈ ಹುಟ್ಟಿನಿಂದ ಬೆವರುವ ಅಂಗೈ. ರೊಟ್ಟಿ ಬಡಿಯುವಾಗ ಅದರಿಂದ ತೊಂದರೆ ಇರಲಿಲ್ಲ. "ನಮ್ಮಾಕಿಗೆ ರೊಟ್ಟಿ ಬಡಿಯಾಕ ನೀರ ಬೇಕಾಗಿಲ್ಲ" ಎಂದು ಗಂಡ ಪಂಪಣ್ಣ ನಗುತ್ತಿದ್ದ. ಭಸ್ಮದ ಮಾತು ಬೇರೆ. ಬೆವರಿನ ಉಪ್ಪು ತಾಗಿದ ಕಡೆ ಗಟ್ಟಿ ಒಣಗುತ್ತ ಹಳದಿ ತಿರುಗಿ ಚಕ್ಕೆ ಏಳುತ್ತದೆ. ಮೈಯ ಬೆವರು ಬೆರೆತ ಭಸ್ಮವನ್ನು ಆ ಮನೆಯಿಂದ ಯಾರ ಹಣೆಗೂ ಕೊಟ್ಟವರಿಲ್ಲ.

ಸಂಜೆ ಮುದುಕಪ್ಪ ಬಂದು ನೋಡಿದ. ಹಳದಿ ತಿರುಗಿದ ಗಟ್ಟಿಗಳನ್ನೆಲ್ಲ ಬುಟ್ಟಿಯಲ್ಲಿ ತುಂಬಿ ಬಿಲ್ವದ ಗಿಡದ ಬುಡಕ್ಕೆ ಸುರಿದು ಬಂದ.

ಅಂದು ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಲೆ. ಪಂಪಣ್ಣ ತಹಸೀಲು ಕಚೇರಿಯಲ್ಲಿ ಗುಮಾಸ್ತ. ನವಾಬರ ಸರ್ಕಾರದ ಕಾಯ್ದೆಯಂತೆ ಕುತ್ತಿಗೆಯವರೆಗೆ ಗುಂಡಿ ಹಾಕಿದ ಕಪ್ಪು ಶೇರವಾನಿಯನ್ನು ದಿನವಿಡೀ ತೊಟ್ಟಿರಬೇಕು. ಬಂದವನು ಅದನ್ನು ಬಿಚ್ಚಿ ಗೂಟಕ್ಕೆ ಹಾಕಿದ. ಬಗಲಿನಲ್ಲಿ ಉಪ್ಪಿನ ಬಿಳಿ ಗೆರೆಗಳು ಒಂದರ ಸುತ್ತ ಒಂದು ಎದ್ದಿದ್ದವು.

"ಇದನ್ನ ಅಂಗಳದಾಗ ಹಾಕ್ರಿ, ಉಣ್ಣೂ ಹೊತ್ತಿಗೆ ಬ್ಯಾಡ" ಎಂದಳು ಗ್ಯಾನಮ್ಮ.

"ನಿನ್ನ ಕೈಯಾಗಿನ ಹಳ್ಳಕ್ಕಿಂತ ನನ್ನ ಬಗಲಾಗಿನ ಹಳ್ಳ ದೊಡ್ಡದು, ಅಷ್ಟ." ಪಂಪಣ್ಣ ತಂದೆಯ ಕಡೆ ತಿರುಗಿದ. "ಅಪ್ಪಾ, ನನ್ನ ಲಿಂಗಸುಗೂರಿಗೆ ಹಾಕೂ ಮಾತು ನಡದದ. ಅಲ್ಲೇ ಮನಿ ಹಿಡಿದು ಮೂವರೂ ಹೋಗೂಣು. ಈ ಬೂದಿ ಕೆಲಸ ಇನ್ನ ಸಾಕು."

"ಬೂದಿ ಅನಬ್ಯಾಡ."

"ಭಸ್ಮ. ತಟ್ಟೂವರು ಯಾರ ಅದಾರ ಹೇಳು?"

ಮುದುಕಪ್ಪ ತುತ್ತು ನುಂಗಿ ಹೇಳಿದ: "ಹುಸೇನಪ್ಪಗ ಹೇಳಿ ಕಳಿಸೀನಿ. ಪಂಚಮಿ ಆದಮ್ಯಾಲ ಬಂಡಿ ತರ್ತಾನ. ಗಡಗಿ, ಅಚ್ಚು, ಮಣಿ ಎಲ್ಲಾ ಮುಕ್ಕುಂದಕ್ಕ ಹೋಗ್ಲಿ. ಅವನ ಸೊಸಿ ಕೈ ಒಣಾ ಅದಾವ. ನಾನೂ ಅಲ್ಲೇ ಇರ್ತೀನಿ. ನೀವು ಎಲ್ಲಿಗಾರ ಹೋಗ್ರಿ."

ಹುಸೇನಪ್ಪ ಮುದುಕಪ್ಪನ ತಮ್ಮ, ಮುಕ್ಕುಂದದಲ್ಲಿ ಭತ್ತ ಬೆಳೆಯುವವನು. ಗ್ಯಾನಮ್ಮ ಎತ್ತಿದ ತುತ್ತು ತಾಟಿಗೆ ಇಟ್ಟಳು.

"ಮಾವಾ, ಪಂಚಮಿ ತನಕ ನನಗ ಬಿಡ್ರಿ."

"ಪಂಚಮಿಗೆ ಕೈ ಬ್ಯಾರೆ ಹಚ್ಚಿಕೊಂಡು ಬರ್ತಿಯೇನವ್ವಾ?"

"ಹಚ್ಚಿಕೊಂಡೇ ಬರ್ತೀನ್ರಿ" ಎಂದಳು ಗ್ಯಾನಮ್ಮ. ಪಂಪಣ್ಣನಿಗೆ ನಗು ಬಂತು. ಮುದುಕಪ್ಪನಿಗೆ ಬರಲಿಲ್ಲ.

ಹಿತ್ತಲ ಗೋಡೆಯ ಆಚೆ ಸಕೀನಾಬೀಯ ಮನೆ. ಗಂಡ ತೀರಿದ ಮೇಲೆ ಅತ್ತರು, ಊದು, ಸುರ್ಮಾ ಪೆಟ್ಟಿಗೆಯಲ್ಲಿಟ್ಟುಕೊಂಡು ಮನೆಮನೆಗೆ ಹೋಗಿ ಮಾರುವ ಹೆಂಗಸು. ಅವಳು ಬಂದರೆ ಅವಳಿಗಿಂತ ಮೊದಲು ಲಾವಂಚದ ವಾಸನೆ ಬರುತ್ತಿತ್ತು. ಗೋಡೆಯ ಮೇಲಿಂದ ಗ್ಯಾನಮ್ಮನ ಸಂಕಟ ಕೇಳಿ ಅವಳು ಪೆಟ್ಟಿಗೆ ತೆರೆದು ಕಲ್ಲುಸಕ್ಕರೆಯಂಥ ಒಂದು ಹರಳು ಕೊಟ್ಟಳು.

"ಫಿಟ್ಕರಿ ಬೇಟಿ. ನೀವು ಪಟಕ ಅಂತೀರಲ್ಲ, ಹಜಾಮರು ಗಾಯಕ್ಕ ತಿಕ್ಕೂದು. ನಮ್ಮ ದೊಡ್ಡ ಮನಿ ಬೇಗಮ್‌ಗಳು ಇದನ್ನ ಒದ್ದಿ ಮಾಡಿ ಬಗಲಿಗೆ ತಿಕ್ಕೋತಾರ. ಬೆವರು ಅಲ್ಲೇ ಬಾಯಿ ಮುಚ್ಚತದ."

"ಕೈಗೂ ನಡೀತದೇನ್ ಖಾಲಾ?"

"ಕೈಗೆ ಬ್ಯಾರೆ ಖುದಾ ಅದಾನೇನು? ತಿಕ್ಕಿ ನೋಡು."

ತಿಕ್ಕಿದಳು. ಹರಳಿನ ಮೂಲೆ ಅಂಗೈ ಕೊಯ್ದು ಉರಿ ಎದ್ದಿತು. ಆದರೆ ಉರಿಯ ಹಿಂದೆ ಚರ್ಮ ಬಿಗಿದು, ಸ್ವಲ್ಪ ಹೊತ್ತು ಒಣಗಿತು. ಆ ಸ್ವಲ್ಪ ಹೊತ್ತೇ ಅವಳಿಗೆ ಸಾಕಾಯಿತು. ಅಂಗೈಯನ್ನು ಕೆನ್ನೆಗೆ ಇಟ್ಟುಕೊಂಡು ನೋಡಿದಳು; ಬೇರೆ ಯಾರದೋ ಕೈ ತನ್ನ ಕೆನ್ನೆ ಮುಟ್ಟಿದಂತಿತ್ತು.

ಇದನ್ನು ನುಣ್ಣಗೆ ಮಾಡಬೇಕು, ಕೈಗೆ ಹಿಡಿದು ತಿಕ್ಕುವ ಗಟ್ಟಿ ಆಗಬೇಕು. ಗಟ್ಟಿ ಮಾಡುವುದು ಆ ಮನೆಗೆ ಗೊತ್ತಿದ್ದ ವಿದ್ಯೆ. ಅಡುಗೆ ಮುಗಿದ ಒಲೆಯ ಮೇಲೆ ಮಣ್ಣಿನ ಬೋಗುಣಿಯಿಟ್ಟು ಪಟಕ ಹಾಕಿದಳು. ಅದು ತನ್ನ ನೀರಿನಲ್ಲಿ ತಾನೇ ಕರಗಿತು. ವಿಭೂತಿಯ ಅಚ್ಚಿನಲ್ಲಿ ಹೊಯ್ದಾಗ ಗಾಜಿನಂತೆ ಹೊಳೆಯುವ ಗಟ್ಟಿ ಬಂತು, ಕೈಯಿಂದ ಜಾರಿ ಗಾಜಿನಂತೆಯೇ ಒಡೆಯಿತು. ಇನ್ನೊಮ್ಮೆ ಅಕ್ಕಿಹಿಟ್ಟು ಹಾಕಿದಳು. ಇರುವೆಗಳು ಹೊತ್ತುಕೊಂಡು ಹೋದವು. ಗುರುಗುಂಟಾದ ಕುರಿಗಾರರಿಂದ ಸಕೀನಾಬೀ ಜೇನುಮೇಣ ತರಿಸಿಕೊಟ್ಟಳು. ಮೇಣಕ್ಕೆ ಔಡಲೆಣ್ಣೆ ಸೇರಿಸಿದರೆ ಹರಳು ಕೊಯ್ಯಲಾರದು ಎಂದು ಇಬ್ಬರೂ ಲೆಕ್ಕ ಹಾಕಿದರು. ಮಧ್ಯಾಹ್ನದ ಮಬ್ಬಿನಲ್ಲಿ ಹಿತ್ತಲೆಲ್ಲ ಜೇನು, ಲಾವಂಚ, ಹೊಗೆ. ಎತ್ತಿನ ಕೊರಳ ಗಂಟೆ ಎಲ್ಲೋ ದೂರದಲ್ಲಿ ಅಲ್ಲಾಡಿದಂತೆ ಕೇಳುತ್ತಿತ್ತು.

"ಮನಿಯಾಗ ಪಲ್ಲೆ ಏನ್ ಮಾಡ್ಯಾಳ ಅಂತ ಕೇಳಬ್ಯಾಡ್ರಿ" ಎಂದು ಪಂಪಣ್ಣ ಓಣಿಯವರಿಗೆ ಹೇಳತೊಡಗಿದ. "ಜೇನುಮೇಣದ ಸಾರು, ಪಟಕದ ಒಗ್ಗರಣಿ."

ಮೇಣದ ಗಟ್ಟಿ ಹೊಯ್ಯುವ ದಿನ ಮುದುಕಪ್ಪ ಹಿತ್ತಲಿಗೆ ಬಂದ. ಬೋಗುಣಿಯಲ್ಲಿ ಪಟಕ ಕರಗಿ ಮಿರುಗುತ್ತಿತ್ತು.

"ಏನಿದು?"

"ಬೆವರಿಗೆ ಹಚ್ಚೂ ಗಟ್ಟಿ ರೀ ಮಾವಾ. ಕೈ ಒಣಗಿದ್ರ ಭಸ್ಮ ತಟ್ಟಬಹುದು."

"ನಮ್ಮ ಅಚ್ಚಿನ್ಯಾಗ?"

ಗ್ಯಾನಮ್ಮ ತಲೆ ತಗ್ಗಿಸಿದಳು. ಮುದುಕಪ್ಪ ಒಳಗೆ ಹೋದ. ಹೊಡೆಯಲು ಕೋಲು ತರುತ್ತಾನೆಂದು ಗೋಡೆಯ ಆಚೆ ನಿಂತಿದ್ದ ಸಕೀನಾಬೀ ಕೆಳಗೆ ಕುಕ್ಕರಿಸಿದಳು. ಅವನು ತಂದದ್ದು ಗದ್ದೆಮ್ಮನ ಗಡಿಗೆ.

"ಈ ಅಚ್ಚಿನ್ಯಾಗ ಆಕಿ ಕೈ ಮುಟ್ಟಲಾರದ್ದು ಏನೂ ಇಳಿದಿಲ್ಲ" ಎಂದು ಹೇಳಿ, ಬೊಗಸೆ ತುಂಬ ಬೂದಿ ತೆಗೆದು ಬೋಗುಣಿಗೆ ಹಾಕಿದ.

ಹಾಕಿದ್ದೇ ತಡ, ಕರಗಿದ ಪಟಕ ನೊರೆನೊರೆಯಾಗಿ ಮೇಲೆದ್ದಿತು. ಹಾಲು ಉಕ್ಕಿದಂತೆ, ಮಲ್ಲಿಗೆ ಒಮ್ಮೆಲೇ ಅರಳಿದಂತೆ ಬೋಗುಣಿಯ ಬಾಯಿಯವರೆಗೆ ಬಂದು, ಮೆಲ್ಲಗೆ ಉಸಿರು ಬಿಟ್ಟು ಕುಳಿತಿತು. ಮುದುಕಪ್ಪ ಕೈ ಮುಗಿದು ನಿಂತಿದ್ದ. ಅವನ ಗಡ್ಡದ ಮೇಲೆ ನೀರಿಳಿಯುತ್ತಿತ್ತು.

"ಬಂದ್ಲು" ಎಂದ. "ನೋಡಿದ್ರಿಲ್ಲೋ? ಬಂದ್ಲು."

ಅದಕ್ಕೆ ಮೇಣ ಸೇರಿಸಿ ಹೊಯ್ದಾಗ ಬಂದ ಗಟ್ಟಿ ಬೆಣ್ಣೆಯಷ್ಟು ನುಣುಪಾಗಿತ್ತು. ಉರಿಯಿಲ್ಲ, ಬಿಗಿತವಿಲ್ಲ. ಅಂದು ಮುದುಕಪ್ಪ ಎರಡು ರೊಟ್ಟಿ ಉಂಡ; ಖಾರದ ಹಿಂಡಿ ಇನ್ನಷ್ಟು ಹಾಕೆಂದು ಕೇಳಿದ. ಮಾರನೆಯ ಬೆಳಗ್ಗೆ ಪೂಜೆ ಮುಗಿಸಿ ಪ್ರಸಾದ ಕೊಡುವಂತೆ ಆ ಗಟ್ಟಿಯನ್ನು ತಾನೇ ಮಗನಿಗೂ ಸೊಸೆಗೂ ಕೊಟ್ಟ. ಪಂಪಣ್ಣ ಶೇರವಾನಿ ತೊಡುವ ಮೊದಲು ಬಗಲಿಗೆ ತಿಕ್ಕಿಕೊಂಡ, ಗ್ಯಾನಮ್ಮ ಅಂಗೈಗೆ.

ವಾರ ಕಳೆಯಿತು, ಇನ್ನೊಂದು ವಾರ ಬಂತು. ಮುದುಕಪ್ಪ ಬಿಲ್ವದ ಗಿಡಕ್ಕೆ ನೀರು ಹಾಕತೊಡಗಿದ. ಕಟ್ಟೆಯ ಮೇಲೆ ಕೂತು ಓಣಿಯವರನ್ನು ಮಾತಾಡಿಸತೊಡಗಿದ. ಗ್ಯಾನಮ್ಮನ ಅಂಗೈ ಮಾತ್ರ ಮೊದಲಿನಂತೆಯೇ ಒದ್ದೆ. ಇನ್ನೂ ಹಚ್ಚಬೇಕೇನೋ, ಭಕ್ತಿ ಕಡಿಮೆಯೇನೋ ಎಂದುಕೊಂಡು ಮತ್ತೆ ಮತ್ತೆ ತಿಕ್ಕಿಕೊಳ್ಳುತ್ತಿದ್ದಳು.

ಆ ದಿನಗಳಲ್ಲಿ ದೊಡ್ಡ ಸಾಹೇಬರೊಬ್ಬರು ಕಚೇರಿಗೆ ತಪಾಸಣೆಯ ದೌರಾ ಬಂದರು. ಪಂಪಣ್ಣ ಗಟ್ಟಿಯನ್ನು ಧಾರಾಳವಾಗಿ ತಿಕ್ಕಿಕೊಂಡು, ಅದೇ ಧೈರ್ಯದಲ್ಲಿ ಅವರ ಮಗ್ಗುಲಿಗೇ ನಿಂತು ಕಾಗದ ಓದಿದ. ಅರ್ಧಕ್ಕೆ ಬರುವಷ್ಟರಲ್ಲಿ ಶೇರವಾನಿಯ ಬಗಲು ಹಿಂಡಿದರೆ ನೀರು ಬೀಳುವಂತಾಗಿತ್ತು. ಸಾಹೇಬರು ಕರವಸ್ತ್ರ ಮೂಗಿಗೆ ಇಟ್ಟು, "ಮುನ್ಶೀಜಿ, ಉಳಿದದ್ದನ್ನು ಕಿಟಕಿಯ ಆಚೆ ನಿಂತು ಓದಿ" ಎಂದರು. ಪಂಪಣ್ಣ ಬಿಸಿಲಲ್ಲಿ ನಿಂತು, ಕಿಟಕಿಯ ಸರಳುಗಳ ನಡುವಿನಿಂದ ಕೊನೆಯವರೆಗೆ ಓದಿದ. ಪಂಚಮಿಯ ನಂತರ ಲಿಂಗಸುಗೂರಿಗೆ ಹಾಜರಾಗಬೇಕೆಂಬ ಹುಕುಮೂ ಅಂದೇ ಆಯಿತು.

ಮನೆಗೆ ಬಂದವನೇ ಗಟ್ಟಿಯನ್ನು ಅಂಗಳಕ್ಕೆ ಎಸೆದ.

"ಕಚೇರಿ ಮಂದಿ ಎಲ್ಲಾ ಬಾಯಿಗೆ ಕೈ ಇಟ್ಕೊಂಡು ನಗಾಕತ್ತಿದ್ರು! ಇದಕ್ಕಿಂತ ಬೆಲ್ಲ ತಿಕ್ಕಿಕೊಂಡಿದ್ರ ನೊಣಾನಾರ ಬರ್ತಿದ್ವು."

ಮುದುಕಪ್ಪ ಗಟ್ಟಿಯನ್ನು ಎತ್ತಿ ಧೋತರದ ತುದಿಯಿಂದ ಒರೆಸಿದ. "ನಿನಗ ನಂಬಿಗಿ ಇಲ್ಲ. ಅದಕ್ಕ ನಿನ್ನ ಮೈಗೆ ಹತ್ತಲಿಲ್ಲ."

"ಬಗಲಿಗೆ ಏನ್ ನಂಬಿಗಿ ಅಪ್ಪಾ? ನಿನ್ನ ಸೊಸೀಗೆ ನಂಬಿಗಿ ಐತಿಲ್ಲ, ಆಕಿ ಕೈ ಹಿಡಿದು ನೋಡು."

ಮುದುಕಪ್ಪ ಹಿಡಿದು ನೋಡಲಿಲ್ಲ. ಗ್ಯಾನಮ್ಮ ಎರಡೂ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಪಂಚಮಿಗೆ ಅವಳನ್ನು ತವರಿಗೆ ಕರೆದೊಯ್ಯಲು ಮಸ್ಕಿಯಿಂದ ಅಣ್ಣ ದುರುಗಪ್ಪ ಬಂದ. ಯುದ್ಧದ ಕಾಲ, ಪೆಟ್ರೋಲು ಸಿಗದೆ ಮೋಟಾರುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಅಂಥದೊಂದು ಮೋಟಾರಿನಲ್ಲಿ ಕೆಮ್ಮುತ್ತ ಹೋದರು. ದಾರಿಯುದ್ದಕ್ಕೂ ಎರೆಹೊಲ, ಮೇಲೆ ಮೋಡ.

ತವರಿನಲ್ಲಿ ತಾಯಿ ಪೀರಮ್ಮ ಜೋಳದ ಅಳ್ಳು ಹುರಿಯುತ್ತ, ತಂಬಿಟ್ಟು ಕಟ್ಟುತ್ತ ಕೇಳಿದಳು: "ಏನೋ ಬೆವರಿನ ಗಟ್ಟಿ ಮಾಡಾಕತ್ತೀಯಂತ. ನನಗೂ ಒಂದು ಮಾಡಿಕೊಡು. ಒಲಿ ಮುಂದ ಕೂತು ಕುಪ್ಪಸ ಎಲ್ಲಾ ಹಾಳಾಗ್ಯಾವ."

ಅವಳು ತಂದ ಪೆಟ್ಟಿಗೆಯಲ್ಲಿ ಪಟಕವೂ ಮೇಣವೂ ಇದ್ದವು. ಗದ್ದೆಮ್ಮನ ಬೂದಿ ಇರಲಿಲ್ಲ. ಬೇರೆ ಬೂದಿ ಹಾಕಲು ಮನಸ್ಸು ಒಪ್ಪಲಿಲ್ಲ. ಈ ಸಲ ಗ್ಯಾನಮ್ಮ ಪಟಕವನ್ನು ಹುರಿದು, ಬೀಸಿ, ಬಟ್ಟೆಯಲ್ಲಿ ಸೋಸಿ, ಹಿಟ್ಟಿನಂತೆ ಮಾಡಿ ಮೇಣಕ್ಕೆ ಬೆರೆಸಿದಳು. ತಾಯಿಗೆಂದು ಮಾಡಿದ್ದನ್ನು ಮಲಗುವ ಮುಂಚೆ ತಾನೂ ಅಂಗೈಗೆ ತಿಕ್ಕಿಕೊಳ್ಳುತ್ತಿದ್ದಳು. ಸ್ವಲ್ಪ ಚುರುಚುರು ಎನ್ನುತ್ತಿತ್ತು. ಅದರ ಮೇಲೆ ಅವಳಿಗೆ ಅಂಥ ಆಸೆಯೇನೂ ಇರಲಿಲ್ಲ.

ಪಂಚಮಿಯ ಸಂಜೆ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಚಿಕ್ಕಂದಿನಿಂದಲೂ ಗ್ಯಾನಮ್ಮನಿಗೆ ಜೋಕಾಲಿ ಎಂದರೆ ಹೆದರಿಕೆ; ಹಗ್ಗ ಕೈಯಿಂದ ಜಾರುತ್ತದೆ. ಗೆಳತಿಯರು ಎಳೆದು ಕೂಡಿಸಿದರು, ನೂಕಿದರು. ಮೇಲೆ ಹೋದಳು, ಕೆಳಗೆ ಬಂದಳು, ಮತ್ತೆ ಮೇಲೆ ಹೋದಳು. ಮಸ್ಕಿಯ ಗುಡ್ಡ ಕಾಲ ಕೆಳಗೆ ಬಂದು ಹೋಯಿತು. ಮೋಡ ಹಣೆಗೆ ತಾಗಿದಂತಿತ್ತು. ಹೊಸ ಸೀರೆಯ ಸದ್ದು, ಹೆಣ್ಣುಮಕ್ಕಳ ಹಾಡು, ಎಲ್ಲ ಕೆಳಗೆ ಎಲ್ಲೋ ಉಳಿದವು. ಬಹಳ ಹೊತ್ತಿನ ಮೇಲೆ ಅವಳಿಗೆ ಅರಿವಾಯಿತು: ಹಗ್ಗ ಜಾರಿರಲಿಲ್ಲ. ಹಗ್ಗದ ನಾರು ಒಣಗಿತ್ತು. ಅವಳ ಕೈ ಒಣಗಿತ್ತು.

"ನಿಲ್ಲಸ್ರೇ! ನಿಲ್ಲಸ್ರೇ!" ಎಂದು ಕೂಗಿದಳು. ಹೆದರಿದಳೆಂದು ತಿಳಿದು ಅವರು ಇನ್ನಷ್ಟು ನೂಕಿದರು.

ಸಿಂಧನೂರಿಗೆ ಮರಳಿದ ದಿನ ಪಂಪಣ್ಣ ಲಿಂಗಸುಗೂರಿಗೆ ಹೋಗಲು ಹಾಸಿಗೆ ಕಟ್ಟುತ್ತಿದ್ದ. ಗ್ಯಾನಮ್ಮ ಎಲ್ಲವನ್ನೂ ಹೇಳಿದಳು. ಅವನು ಅವಳ ಅಂಗೈಯನ್ನು ತಿರುವಿ ಮುರುವಿ ನೋಡಿದ.

"ಹಂಗಾರ ಕೆಡಿಸಿದ್ದು ಅವ್ವನ ಭಸ್ಮ?"

"ಮೆಲ್ಲಕ ಅನ್ರಿ."

"ಹೇಳಬ್ಯಾಡ ಬೇ. ಅಪ್ಪ ಈಗೀಗ ನೆಟ್ಟಗ ಉಣ್ಣಾಕತ್ತಾನ. ನಿನ್ನ ಗಟ್ಟೀನ ಹಚ್ಚಿಕೋ, ಅವ್ವನ ಗಟ್ಟಿಯಿಂದ ಕೈ ಒಣಗ್ತು ಅಂತ ಹೇಳು. ಅವನಿಗೂ ಸಮಾಧಾನ, ನಿನಗೂ ಕೆಲಸ. ಯಾರಿಗೇನು ನಷ್ಟ?"

ಗ್ಯಾನಮ್ಮ ತನ್ನ ಅಂಗೈ ನೋಡಿಕೊಂಡಳು. ಆ ಮಾತು ಅವಳ ಆಸೆಯನ್ನು ಕೆಣಕಿತು.

"ಕೈ ಒಣಗಿಸಿಕೊಂಡದ್ದು ಭಸ್ಮ ಮುಟ್ಟಾಕ್ರೀ" ಎಂದಳು ಕೊನೆಗೆ. "ಸುಳ್ಳ ಹೇಳಿ ಹ್ಯಾಂಗ ಮುಟ್ಲಿ?"

ಮಾರನೆಯ ದಿನ ಬೆಳಗ್ಗೆ ಹುಸೇನಪ್ಪ ಬಂಡಿ ತಂದ. ಕೈಕಾಲು ತೊಳೆದು, ನುಚ್ಚು ಮಜ್ಜಿಗೆ ಕುಡಿದು, ಮಣೆಗಳನ್ನು ಹೊರಗೆ ತರತೊಡಗಿದ. ಗ್ಯಾನಮ್ಮ ಹಿಂದಿನ ಸಂಜೆಯಿಂದ ಬಲಗೈಗೆ ಮಸ್ಕಿಯ ಗಟ್ಟಿ ಹಚ್ಚಿದ್ದಳು, ಎಡಗೈಗೆ ಮನೆಯ ಗಟ್ಟಿ. ಸೀಗೆಕಾಯಿ ಹಾಕಿ ಎರಡೂ ಕೈ ತೊಳೆದು ಮಾವನ ಮುಂದೆ ಕೂತು ಅಂಗೈ ಚಾಚಿದಳು. ಎಡಗೈಯಲ್ಲಿ ನೋಡನೋಡುತ್ತ ಹನಿ ಮೂಡಿ ಗೆರೆಗಳಲ್ಲಿ ಕೂಡಿತು. ಬಲಗೈ ಹಾಗೇ ಇತ್ತು.

"ಇದು ಅತ್ತಿ ಭಸ್ಮ ಹಾಕಿದ್ದು. ಇದು ಹಾಕಲಾರದ್ದು" ಎಂದಳು. "ಪಟಕದ ಗುಣ ಭಸ್ಮದಾಗ ಹೋಗ್ತದ್ರಿ ಮಾವಾ. ನನ್ನ ತಪ್ಪಿದ್ರ ಹೊಟ್ಟ್ಯಾಗ ಹಾಕ್ಕೋರಿ."

"ಅಣ್ಣಾ, ಈ ಗಡಗೀನೂ ಒಯ್ಯೂದೇನು?" ಎಂದು ಹುಸೇನಪ್ಪ ಒಳಗಿಂದ ಕೇಳಿದ.

ಮುದುಕಪ್ಪ ಎದ್ದು ಹೋಗಿ ಪಟಕದ ಎರಡು ಚೂರು ತಂದು ಒಂದನ್ನು ನಾಲಗೆಗೆ ಇಟ್ಟುಕೊಂಡ. ಮುಖ ಕಿವುಚಿತು. ಎರಡನೆಯ ಚೂರನ್ನು ಅಂಗೈಯ ನೀರಿನಲ್ಲಿ ಕರಗಿಸಿ, ಗದ್ದೆಮ್ಮನ ಬೂದಿಯ ಚಿಟಿಕೆ ಹಾಕಿದ. ಬುರುಬುರು ನೊರೆ ಎದ್ದು ಕುಳಿತಿತು. ಅದನ್ನೂ ನಾಲಗೆಗೆ ಹಚ್ಚಿಕೊಂಡ. ಕಣ್ಣು ಮುಚ್ಚಿ ಕೂತ. ಬಂಡಿಯ ಎತ್ತು ತಲೆ ಕೊಡವಿತು. ಪಂಪಣ್ಣ ಬಾಗಿಲಲ್ಲಿ ಹಾಸಿಗೆಯ ಗಂಟು ಹಿಡಿದು ನಿಂತಿದ್ದ.

"ಒಗರು ಹೋಗ್ಯಾದ" ಎಂದ ಮುದುಕಪ್ಪ.

ಗದ್ದೆಮ್ಮನ ಗಡಿಗೆಯ ಕಡೆ ನೋಡಿದ.

"ಉರಿಯೂದನ್ನ ತಗದಾಳ. ಇದ್ದಾಗೂ ಆಕಿ ಕೆಲಸ ಅದ ಇತ್ತು. ನಾ ಯಾರ ಮನ್ಯಾಗ ಜಗಳಾಡಿ ಬಂದ್ರೂ ಅಲ್ಲಿಗೆ ಮರುದಿನ ಆಕಿ ಹೋಗ್ತಿದ್ಲು. ನಾ ಸಿಟ್ಟು ಕೂಡಿಸಿ ಇಡ್ತಿದ್ದೆ, ಆಕಿ ಇಲ್ಲದಂಗ ಮಾಡಿ ಬರ್ತಿದ್ಲು." ಅವನು ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡ. "ಬಂದದ್ದು ಖರೆ, ಗ್ಯಾನವ್ವಾ. ಬೆವರ ನಿಲ್ಲಸಾಕ ಬಂದಿದ್ದಿಲ್ಲ, ಅಷ್ಟ. ಅದು ಆಕಿ ಕೆಲಸಲ್ಲ. ನಾ ಸುಮ್ನ ಆಕಿ ಮ್ಯಾಲ ಹೊರಸಿದೆ."

ಆಮೇಲೆ ತಮ್ಮನ ಕಡೆ ತಿರುಗಿದ. "ಹುಸೇನ್ಯಾ, ಮಣಿ ಇಳಸು."

"ಇಳಸು? ಬೆಳಗಾಗೂದ್ರಾಗ ಎತ್ತು ಹೂಡಿಕೊಂಡು ಬಂದೀನಿ ಅಣ್ಣಾ!"

"ಖಾಲಿ ಬಂಡಿ ಎತ್ತಿಗೆ ಹಗುರ. ಇಳಸು."

ಹುಸೇನಪ್ಪ ಗೊಣಗುತ್ತ ಇಳಿಸಿದ. ಹೋಗುವಾಗ ಗ್ಯಾನಮ್ಮನನ್ನು ಹಿತ್ತಲಿಗೆ ಕರೆದು ಮೆಲ್ಲಗೆ ಕೇಳಿದ: "ಆ ಬಲಗೈದು ಒಂದು ಗಟ್ಟಿ ನನಗೂ ಕೊಡವ್ವಾ. ಭತ್ತದ ಗದ್ದ್ಯಾಗಿಂದ ಬಂದ್ರ ನಿಮ್ಮ ಸಣ್ಣತ್ತಿ ಹೊರಗ ಮಲಗು ಅಂತಾಳ." ಪಂಪಣ್ಣನೂ ಒಂದನ್ನು ಶೇರವಾನಿಯ ಜೇಬಿಗೆ ಹಾಕಿಕೊಂಡ. ಅವನು ಒಬ್ಬನೇ ಲಿಂಗಸುಗೂರಿನಲ್ಲಿ ಇರುವುದು, ವಾರದ ರಜೆಗೆ ಬಂದು ಹೋಗುವುದು ಎಂದು ಊಟದ ಹೊತ್ತಿಗೆ ತೀರ್ಮಾನವಾಯಿತು. "ಅಲ್ಲಿ ರೊಟ್ಟಿ ಯಾರು ಬಡೀತಾರ?" ಎಂದು ಅವನು ಕೇಳಿದ್ದಕ್ಕೆ, "ನಿನಗೂ ಎರಡ ಕೈ ಅದಾವಲ್ಲ" ಎಂದ ಮುದುಕಪ್ಪ.

ಪಂಪಣ್ಣ ಹೊರಡುವ ದಿನ ಬೆಳಕು ಹರಿಯುವ ಹೊತ್ತಿಗೆ ಗ್ಯಾನಮ್ಮ ಸ್ನಾನ ಮಾಡಿ ಭಸ್ಮ ತಟ್ಟಲು ಕೂತಳು. ಮಂಜಿನಂಥ ಬೆಳಕು ಅಂಗಳದಲ್ಲಿ ನಿಂತಿತ್ತು. ಬೂದಿಯ ಹಿಟ್ಟು ಅಂಗೈಗೆ ತಣ್ಣಗೆ ಬಂತು, ಎಲ್ಲಿಯೂ ಅಂಟಲಿಲ್ಲ. ಒಂದು ಗಟ್ಟಿ ಮಣೆಯ ಮೇಲೆ ಕೂತಿತು. ಮುದುಕಪ್ಪ ಕಟ್ಟೆಯಿಂದ ಇಳಿದು ಬಂದು, ಬಾಗಿ, ಅದರ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದ.

"ಏನಿದು? ನೀರ ಹೆಚ್ಚಾಗ್ಯಾವ. ಭಸ್ಮ ತಟ್ಟಾಕತ್ತೀಯೋ, ಕುಳ್ಳ ಬಡಿಯಾಕತ್ತೀಯೋ? ಮಗ್ಗಲ ನೋಡು, ಎತ್ತಿನ ಬೆನ್ನ ಆಗ್ಯಾದ. ಹೆಬ್ಬಟ್ಟು ಎಲ್ಲೈತಿ ನಿಂದು? ಹಿಂಗ ಹಿಡಿ. ಹಿಂಗಲ್ಲ, ಹಿಂಗ! ಇಷ್ಟು ವರ್ಷ ಕೂತು ಏನ್ ನೋಡಿದಿ ಬೇ?"

"ಹೂಂ ರೀ ಮಾವಾ" ಎಂದು ಗ್ಯಾನಮ್ಮ ಗಟ್ಟಿಯನ್ನು ಮುರಿದು ಮತ್ತೆ ತಟ್ಟತೊಡಗಿದಳು.

ಒಳಗೆ ಹಾಸಿಗೆ ಹೆಗಲಿಗೇರಿಸುತ್ತಿದ್ದ ಪಂಪಣ್ಣ ಗಾಬರಿಯಾಗಿ ಹೊರಗೆ ಬಂದ.

"ಯಾಕಪ್ಪಾ? ಏನಾತು? ಆಕಿ ಮ್ಯಾಲ ಯಾಕ ಒದರಾಕತ್ತಿ?"

"ನೀ ಹೋಗಿ ಲಿಂಗಸುಗೂರು ಮೋಟಾರ ಹಿಡಿಯಲೇ" ಎಂದ ಮುದುಕಪ್ಪ, ಗಟ್ಟಿಯ ಮೇಲಿನ ಕಣ್ಣು ತೆಗೆಯದೆ. "ಇದು ನಮ್ಮ ಕೆಲಸದ ಮಾತು."